ಓದಿದ್ದಾಯಿತು, ಈಗ ಕಥೆ ಹೇಳು

ಹರಿಹರದ ಸುತ್ತಿನ ಮಕ್ಕಳಿಗೆ ಗುಹಾಸುರನ ಕಥೆಯನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ಗುಡಿಗೆ ಕರೆದುಕೊಂಡು ಹೋದಾಗ ಅಜ್ಜಿ ಹೇಳಿರುತ್ತಾಳೆ, ಇಲ್ಲವೇ ತೇರಿನ ದಿನ ದೊಡ್ಡವರು ಮಾತಾಡಿಕೊಂಡಿದ್ದು ಕಿವಿಗೆ ಬಿದ್ದಿರುತ್ತದೆ. ಹೊಳೆದಂಡೆಯ ಗುತ್ತೂರಿನಲ್ಲಿ ಐದನೇ ತರಗತಿಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಆ ಕಥೆ ಹೇಳಪ್ಪಾ’ ಎಂದರೆ ಹೆಚ್ಚುಕಡಿಮೆ ಹೀಗೆ ಹೇಳುತ್ತಾನೆ: ‘ಗುಹಾಸುರ ಅಂತ ಒಬ್ಬ ರಾಕ್ಷಸ ಇದ್ನಂತೆ ಸಾರ್. ಭಾಳ ಕೆಟ್ಟವ್ನಂತೆ. ಆಮೇಲೆ ಅತ್ಲಾಗೆ ಉಚ್ಚಂಗಿದುರ್ಗ, ಇತ್ಲಾಗೆ ಐರಣಿ, ಎಲ್ಲ ಅವಂದೇ ಅಂತೆ. ಆಮೇಲೆ ಋಷಿಗಳಿಗೆ ಕಾಟ ಕೊಡ್ತಿದ್ನಂತೆ. ಆಮೇಲೆ ಹರಿ, ಹರ ಇಬ್ರೂ ಒಂದೇ ಆಗಿ ಬಂದು ಅವನ್ನ ಕೊಂದ್ರಂತೆ.’

ಹೆಸರು ತಪ್ಪಿಲ್ಲ, ಊರು ತಪ್ಪಿಲ್ಲ, ಕೊನೆಯೂ ತಪ್ಪಿಲ್ಲ. ಈಗ ಒಂದು ಪ್ರಶ್ನೆ ಕೇಳಿ: ‘ಇಬ್ಬರೂ ಯಾಕೆ ಒಂದಾಗಬೇಕಿತ್ತು? ಒಬ್ಬರೇ ಹೋಗಿ ಕೊಲ್ಲಬಹುದಿತ್ತಲ್ಲ?’ ಹುಡುಗ ತಡವರಿಸುತ್ತಾನೆ. ‘ಅವ್ನಿಗೆ ಶಕ್ತಿ ಜಾಸ್ತಿ ಇತ್ತು ಸಾರ್’ ಎನ್ನುತ್ತಾನೆ.

ಇಡೀ ಸ್ಥಳಪುರಾಣ ನಿಂತಿರುವುದು ಗುಹಾಸುರ ತಪಸ್ಸು ಮಾಡಿ ಬ್ರಹ್ಮನಿಂದ ಪಡೆದ ವರದ ಮೇಲೆ. ಹರಿಯಿಂದ ಸಾವಿಲ್ಲ, ಹರನಿಂದಲೂ ಸಾವಿಲ್ಲ. ವರವೂ ಸುಳ್ಳಾಗಬಾರದು, ಅವನೂ ಸಾಯಬೇಕು ಎಂದರೆ ಹರಿಯಷ್ಟೇ ಅಲ್ಲದ, ಹರನಷ್ಟೇ ಅಲ್ಲದ ಒಂದು ರೂಪ ಬೇಕು. ಬಲಭಾಗ ಶಿವನಾಗಿ ಎಡಭಾಗ ವಿಷ್ಣುವಾಗಿ ಹರಿಹರೇಶ್ವರ ನಿಂತಿರುವುದು ಆ ಕಾರಣಕ್ಕೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1223–24ರಲ್ಲಿ, ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯಲ್ಲಿ ಹುಡುಗ ಎಷ್ಟೋ ಸಲ ಕೈಮುಗಿದಿರುತ್ತಾನೆ. ಪ್ರಶ್ನೆಗೆ ಉತ್ತರ ಅವನ ಕಣ್ಣೆದುರಿಗೇ ಇತ್ತು. ಘಟನೆಗಳೆಲ್ಲ ಗೊತ್ತಿದ್ದವು, ಅವನ್ನು ಒಂದಕ್ಕೊಂದು ಕಟ್ಟಿದ ಕಾರಣ ಗೊತ್ತಿರಲಿಲ್ಲ. ಅವನ ಮಾತಿನಲ್ಲಿ ‘ಆಮೇಲೆ’ ಬೇಕಾದಷ್ಟಿದೆ, ‘ಅದಕ್ಕೇ’ ಒಂದೂ ಇಲ್ಲ.

ಮಕ್ಕಳಿಗೆ ಓದಿದ್ದು ಎಷ್ಟು ತಿಳಿದಿದೆ ಎಂದು ನೋಡಲು ಇದಕ್ಕಿಂತ ಸರಳವಾದ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ: ಕಥೆಯನ್ನು ಮೂರು ನಾಲ್ಕು ಮಾತಿನಲ್ಲಿ ಹೇಳಿಸುವುದು. ಪರೀಕ್ಷೆ ಮಾತ್ರವಲ್ಲ, ಪಾಠವೂ ಅದರಲ್ಲೇ ಇದೆ. ಮೂರು ಮಾತಿನಲ್ಲಿ ಹೇಳು ಎಂದೊಡನೆ ಯಾವುದನ್ನು ಬಿಡಬೇಕು ಎಂದು ಮಗು ತೀರ್ಮಾನಿಸಲೇಬೇಕಾಗುತ್ತದೆ. ಉಚ್ಚಂಗಿದುರ್ಗ, ಐರಣಿ ಬಿಟ್ಟರೂ ಕಥೆ ನಿಲ್ಲುತ್ತದೆ. ವರ ಬಿಟ್ಟರೆ ಬಿದ್ದುಹೋಗುತ್ತದೆ. ಈ ವ್ಯತ್ಯಾಸ ಕಂಡುಕೊಂಡ ಗಳಿಗೆಯಲ್ಲೇ ಕಥೆ ಅರ್ಥವಾಗಿರುತ್ತದೆ.

ಬೋರ್ಡಿನ ಮೇಲಿನ ಸಾರಾಂಶ

ಸಾರಾಂಶ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಸಂದರ್ಭದೊಡನೆ ಸ್ವಾರಸ್ಯ, ಗಾದೆ ವಿಸ್ತರಣೆ, ಪದ್ಯದ ಸಾರಾಂಶ: ಈ ಮೂರನ್ನು ಬರೆಯದೆ ಕನ್ನಡ ಪ್ರಥಮ ಭಾಷೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಸಿಗುವುದು ಕಷ್ಟ. ಪ್ರಶ್ನೆಯಲ್ಲಿ ಯಾವ ದೋಷವೂ ಇಲ್ಲ, ಒಳ್ಳೆಯ ಪ್ರಶ್ನೆಯೇ. ಆದರೆ ಅದು ಮಗುವಿನ ಮುಂದೆ ಬರುವ ಹೊತ್ತಿಗೆ ಉತ್ತರ ಸಿದ್ಧವಾಗಿ ಕೂತಿರುತ್ತದೆ. ಪಾಠ ಮುಗಿದ ದಿನವೇ ಬೋರ್ಡಿನ ಮೇಲೆ ಸಾರಾಂಶ ಮೂಡುತ್ತದೆ, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಬೋರ್ಡಿನ ಮೇಲೆ ಬರದಿದ್ದರೆ ಗೈಡಿನಲ್ಲಿದೆ. ಬಾಯಿಪಾಠ ಮಾಡಿ ಹಾಗೇ ಬರೆದರೆ ಅಂಕಕ್ಕೆ ಮೋಸವಿಲ್ಲ.

ಹಾಗಾದರೆ ಇಲ್ಲಿ ಸಾರಾಂಶ ತೆಗೆದವರು ಯಾರು? ಗೈಡು ಬರೆದವರು. ಓದಿ, ಆರಿಸಿ, ಬಿಟ್ಟು, ಜೋಡಿಸಿ, ತಮ್ಮ ಮಾತಿನಲ್ಲಿ ಹೇಳಿದ್ದರ ಲಾಭವೆಲ್ಲ ಅವರಿಗೆ ಸಂದಿತು. ಮಗುವಿಗೆ ಸಿಕ್ಕಿದ್ದು ಮೊದಲಿನದಕ್ಕಿಂತ ಚಿಕ್ಕದಾದ, ಮೊದಲಿನದಕ್ಕಿಂತ ಸಪ್ಪೆಯಾದ ಇನ್ನೊಂದು ಪಾಠ. ಸಾರಾಂಶವನ್ನು ಮಗುವಿಗೆ ಕೊಡಬಾರದು, ಮಗುವಿನಿಂದಲೇ ತೆಗೆಸಬೇಕು. ಅದು ತಪ್ಪಾಗಿರಲಿ, ಒರಟಾಗಿರಲಿ, ವ್ಯಾಕರಣ ಸೊಟ್ಟಗಿರಲಿ. ಮಗು ತಾನೇ ಕಟ್ಟಿದ ಮೂರು ಸೊಟ್ಟ ವಾಕ್ಯಗಳ ಮುಂದೆ ಗೈಡಿನ ಚೆಂದದ ಅರ್ಧ ಪುಟಕ್ಕೆ ನಾನು ಬೆಲೆ ಕೊಡಲಾರೆ.

ಪಠ್ಯಪುಸ್ತಕದಲ್ಲಿ ಪಾಠಕ್ಕೆ ಮುಂಚೆ ಪ್ರವೇಶ, ಆಶಯಭಾವ ಎಂಬ ಭಾಗಗಳಿರುತ್ತವಲ್ಲ, ಅವನ್ನು ಪಾಠ ಮುಗಿದ ಮೇಲೆ ಓದಿಸಿದರೆ ಒಳ್ಳೆಯದು. ಈ ಕಥೆ ಇಂಥದ್ದನ್ನು ಸಾರುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಮಗುವಿಗೆ ಹುಡುಕಲು ಉಳಿಯುವುದೇನು? ತಾನು ಕಂಡುಕೊಂಡದ್ದನ್ನು ಪುಸ್ತಕದ ಮಾತಿನ ಪಕ್ಕಕ್ಕಿಟ್ಟು ನೋಡುವಾಗ ಅದೇ ಆಶಯಭಾವ ಉಪಯೋಗಕ್ಕೆ ಬರುತ್ತದೆ.

ಇದರಲ್ಲಿ ಮೇಷ್ಟ್ರನ್ನು ದೂರುವಂಥದ್ದು ಕಡಿಮೆ. ಒಬ್ಬರೇ ಎರಡು ತರಗತಿ ನೋಡಿಕೊಳ್ಳಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸಿಲಬಸ್ ಮುಗಿಸಬೇಕು. ನಲವತ್ತು ಮಕ್ಕಳ ನಲವತ್ತು ಬಗೆಯ ಸಾರಾಂಶ ತಿದ್ದುವುದಕ್ಕಿಂತ ಒಂದನ್ನು ಬರೆಸಿಬಿಡುವುದು ಸಲೀಸು. ಆದ್ದರಿಂದ ತಿದ್ದುವ ಹೊರೆ ಹೆಚ್ಚಿಸದೆ ಮಾಡಬಹುದಾದ ದಾರಿ ಬೇಕು. ಆ ದಾರಿ ಬಾಯಿಮಾತಿನಲ್ಲಿದೆ.

ಮೊದಲು ಕಿವಿ, ಆಮೇಲೆ ಕಣ್ಣು

ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯವರು 2005ರಿಂದ ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾ ಬಂದಿದ್ದಾರೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ, ಇಷ್ಟೇ ಆ ಹಾಳೆಯಲ್ಲಿರುವುದು. ಐದನೇ ತರಗತಿಯಲ್ಲಿದ್ದು ಆ ಎರಡನೇ ತರಗತಿಯ ಕಥೆ ಓದಬಲ್ಲವರು 2018ರಲ್ಲಿ ದೇಶದಲ್ಲಿ ಶೇ 50.5ರಷ್ಟಿದ್ದರು. ಕೋವಿಡ್ ದಾಟಿ 2022ಕ್ಕೆ ಬರುವಾಗ ಶೇ 42.8ಕ್ಕೆ ಇಳಿದಿತ್ತು. ಈ ಅಂಕಿಗಳು ಸಾಕಷ್ಟು ಚರ್ಚೆಯಾಗಿವೆ. ಆದರೆ ಇದು ಗಟ್ಟಿಯಾಗಿ, ತಡೆಯಿಲ್ಲದೆ ಓದಿದ್ದರ ಲೆಕ್ಕ. ಓದಿದ ಅರ್ಧದಷ್ಟು ಮಕ್ಕಳಿಗೆ ಕಥೆಯೂ ದಕ್ಕಿತು ಎಂದು ಇದರಿಂದ ತಿಳಿಯುವಂತಿಲ್ಲ.

ಕನ್ನಡದ ಮಗುವಿಗೆ ಓದಿನ ದಾರಿಯಲ್ಲಿ ಇನ್ನೊಂದು ಏರು ಇದೆ. ವರ್ಣಮಾಲೆ 49 ಅಕ್ಷರವಾದರೂ ಮೂವತ್ನಾಲ್ಕು ವ್ಯಂಜನಕ್ಕೆ ಕಾಗುಣಿತ ಕೂಡಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನ ಶಾಲೆಗಳಲ್ಲಿ ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ 2007ರ ಪ್ರಬಂಧ ಇದನ್ನೇ ತೋರಿಸಿತು: ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಹಿಡಿಯುತ್ತದೆ. ನಮ್ಮ ಯಾದಗಿರಿ, ಮಹಾರಾಷ್ಟ್ರದ ವಾಡಾ, ಈ ಎರಡು ಕಡೆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಶೈಲಜಾ ಮೆನನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತು. ತರಗತಿಯ ಹೊತ್ತೆಲ್ಲ ಅಕ್ಷರಕ್ಕೆ, ನಕಲು ಬರೆಯುವುದಕ್ಕೆ ಸವೆಯುತ್ತದೆ. ಅರ್ಥದ ಸರದಿ ಬರುವುದೇ ಇಲ್ಲ.

ಮೂರನೇ ತರಗತಿಯ ಹುಡುಗಿ ‘ಸ್ವಾ-ತಂ-ತ್ರ್ಯ’ ಎಂದು ಬಿಡಿಸಿ ಓದುವಾಗ ಅವಳ ಶಕ್ತಿಯೆಲ್ಲ ಆ ಒತ್ತಕ್ಷರದಲ್ಲಿ ಖರ್ಚಾಗಿರುತ್ತದೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಅಂಥ ಮಗುವಿಗೆ ಓದಿ ಸಾರಾಂಶ ಬರೆ ಎಂದರೆ ಅದು ಅಳುವುದೊಂದೇ ಬಾಕಿ. ಹಾಗೆಂದು ಅಕ್ಷರವೆಲ್ಲ ಬರಲಿ, ಅರ್ಥ ಆಮೇಲೆ ನೋಡಿಕೊಳ್ಳೋಣ ಎಂದು ಕಾಯುವುದೂ ತಪ್ಪು. ಕಥೆ ಹಿಡಿಯುವ ಬುದ್ಧಿ ಅಕ್ಷರಕ್ಕೆ ಕಾಯುತ್ತಾ ಕೂರುವುದಿಲ್ಲ. ಆರು ವರ್ಷದ ಮಗು ಎಷ್ಟು ಉದ್ದದ ಕಥೆಯನ್ನಾದರೂ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಂದರಿಂದ ಮೂರನೇ ತರಗತಿಯವರೆಗೆ ಸಾರಾಂಶದ ಪಾಠ ಕೇಳಿದ ಕಥೆಯ ಮೇಲೆಯೇ ನಡೆಯಬೇಕು.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಈ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ. ಗುಬ್ಬಕ್ಕನದು ಕಲ್ಲಿನ ಮನೆ, ಕಾಗಕ್ಕನದು ಸಗಣಿ ಮನೆ, ಜೋರು ಮಳೆ. ಹೇಳಿ ಮುಗಿಸಿದ ಮೇಲೆ ಒಂದನೇ ತರಗತಿಯವರ ಸ್ಲೇಟಿನಲ್ಲಿ ಮೂರು ಚಿತ್ರ ಬರೆಸಿ: ಮೊದಲು ಏನಿತ್ತು, ನಡುವೆ ಏನಾಯಿತು, ಕೊನೆಗೆ ಏನಾಯಿತು. ಬರೀ ಮೂರೇ. ನಾಲ್ಕನೆಯದಕ್ಕೆ ಜಾಗವಿಲ್ಲ ಎಂದರೆ ಮಗು ಸ್ಲೇಟು ಹಿಡಿದು ಯೋಚಿಸುತ್ತದೆ. ಗುಬ್ಬಕ್ಕ ಬಾಗಿಲು ತೆಗೆಯದಿರಲು ಹೇಳಿದ ನೆಪಗಳಿಗೆ ಎಷ್ಟು ಚಿತ್ರ? ಒಂದೂ ಬೇಡವೇ? ಮಳೆಯ ಚಿತ್ರ ಬಿಟ್ಟವನನ್ನು ಪಕ್ಕದವಳೇ ಕೇಳುತ್ತಾಳೆ: ‘ಮಳೇನೇ ಬರ್ಲಿಲ್ಲ ಅಂದ್ರೆ ಕಾಗಕ್ಕನ ಮನೆ ಹೆಂಗೋ ಹೋಯ್ತು?’ ಆ ಪ್ರಶ್ನೆಯನ್ನು ಟೀಚರ್ ಕೇಳುವುದಕ್ಕಿಂತ ಪಕ್ಕದವಳು ಕೇಳಿದರೇ ಹೆಚ್ಚು ನಾಟುತ್ತದೆ.

ಪುಣ್ಯಕೋಟಿ, ಹುಲಿಯ ಕಡೆಯಿಂದ

ನಾಲ್ಕು, ಐದಕ್ಕೆ ಬಂದ ಮಕ್ಕಳಿಗೆ ಐದು ಪ್ರಶ್ನೆಗಳ ಒಂದು ಏಣಿ ಸಾಕು. ಕಥೆ ಯಾರದ್ದು? ಅವರಿಗೆ ಏನು ಬೇಕಿತ್ತು? ಏನು ಅಡ್ಡ ಬಂತು? ಅದಕ್ಕೆ ಏನು ಮಾಡಿದರು? ಕೊನೆಗೆ ಏನಾಯಿತು? ಪರದೇಶದ ಶಾಲೆಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ ಬಳಕೆಯಲ್ಲಿದೆ, ಆದರೆ ನಮಗೆ ಗೋವಿನ ಹಾಡಿಗಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಪುಣ್ಯಕೋಟಿಯ ಕಥೆ ಹೇಳು ಎಂದರೆ ಮಕ್ಕಳು ಶುರುಮಾಡುವುದು ಗೊಲ್ಲ ಹಸುಗಳನ್ನು ಕರೆಯುವಲ್ಲಿಂದ. ಗಂಗೆ, ಗೌರಿ, ತುಂಗಭದ್ರೆ ಎಂದು ಹೆಸರು ಹೇಳುತ್ತಾ ಹೋಗುತ್ತಾರೆ. ತುಂಗಭದ್ರೆ ಎನ್ನುವಾಗ ಹೊಳೆದಂಡೆಯ ಮಕ್ಕಳ ದನಿ ಒಂದಿಷ್ಟು ಏರಿದರೆ ಆಶ್ಚರ್ಯವಿಲ್ಲ. ಆ ಹೆಸರುಗಳಲ್ಲೇ ಹಾಡಿನ ಅರ್ಧ ಸೊಗಸು ಇರುವುದು, ಅವನ್ನು ಬಿಡು ಎನ್ನಲು ಮನಸ್ಸು ಬರುವುದಿಲ್ಲ. ಆದರೂ ‘ಗೊಲ್ಲ ಹಸುಗಳನ್ನೆಲ್ಲ ಹೆಸರು ಹಿಡಿದು ಕರೆದ’ ಎಂಬ ಒಂದೇ ಮಾತಿನಲ್ಲಿ ಅಷ್ಟನ್ನೂ ಹೇಳಬಹುದು ಎಂದು ಮಗು ಕಂಡುಕೊಂಡಾಗ ಅದು ದೊಡ್ಡ ಜಿಗಿತ. ಬಿಡಿ ಹೆಸರುಗಳಿಂದ ಅವನ್ನೆಲ್ಲ ಒಳಗೊಳ್ಳುವ ಒಂದು ಮಾತಿಗೆ ಏರುವುದು ಅರ್ಥಗ್ರಹಣದ ನಡುಗಂಬ.

ಇಷ್ಟಾದ ಮೇಲೆ ಮೊದಲ ಸಾರಾಂಶ ಹೀಗೆ ಬರುತ್ತದೆ: ‘ಹುಲಿ ಹಸೂನ ಹಿಡೀತು. ಹಸು ಮನೆಗೆ ಹೋಗಿ ಕರೂಗೆ ಹಾಲು ಕೊಟ್ಟು ವಾಪಸ್ ಬಂತು. ಹುಲಿ ಸತ್ತೋಯ್ತು.’ ಈಗ ಕೇಳಬೇಕು: ‘ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಹುಲಿ ಯಾಕಮ್ಮಾ ಸತ್ತಿತು?’ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಶುರು. ಹಸು ಮಾತು ಕೊಟ್ಟಿತ್ತು. ಬರುವುದಿಲ್ಲ ಎಂದು ಹುಲಿ ಅಂದುಕೊಂಡಿತ್ತು. ಬಂತಲ್ಲ, ಅದಕ್ಕೆ ಹುಲಿಗೆ ನಾಚಿಕೆಯಾಯಿತು. ಅಂಥವಳನ್ನು ತಿಂದರೆ ಒಡಹುಟ್ಟಿದವಳನ್ನೇ ತಿಂದಂತೆ ಎನ್ನಿಸಿತು. ಆ ಮಾತು ಕೊಟ್ಟದ್ದು, ಉಳಿಸಿಕೊಂಡದ್ದು ಮೊದಲ ಸಾರಾಂಶದಲ್ಲಿ ಇರಲೇ ಇಲ್ಲ ಎಂದು ಮಕ್ಕಳಿಗೇ ಹೊಳೆಯುತ್ತದೆ. ಅವರು ತಾವಾಗಿ ತಿದ್ದಿಕೊಳ್ಳುತ್ತಾರೆ.

ನನಗೆ ಬಹಳ ಇಷ್ಟದ ಅಭ್ಯಾಸ ಇದರ ಮುಂದಿನದು. ಅದೇ ಐದು ಪ್ರಶ್ನೆಗಳನ್ನು ಹುಲಿಯ ಕಡೆಯಿಂದ ಕೇಳುವುದು. ಕಥೆ ಯಾರದ್ದು? ಅರ್ಬುತನದು. ಏನು ಬೇಕಿತ್ತು? ಹಸಿದಿತ್ತು, ಊಟ ಬೇಕಿತ್ತು. ಏನು ಅಡ್ಡ ಬಂತು? ಹಸುವಿನ ಬೇಡಿಕೆ. ಏನು ಮಾಡಿತು? ನಂಬಿ ಬಿಟ್ಟಿತು, ಕಾಯಿತು. ಕೊನೆಗೆ? ಎದುರಿಗೆ ಊಟ ಬಂದು ನಿಂತಾಗ ತಿನ್ನಲಾರದೆ ಪ್ರಾಣ ಬಿಟ್ಟಿತು. ಒಂದೇ ಕಥೆಗೆ ಎರಡು ಸಾರಾಂಶ, ಎರಡೂ ಸರಿ. ಕರುವಿನ ಕಡೆಯಿಂದ ಮೂರನೆಯದನ್ನೂ ಕಟ್ಟಬಹುದು. ಬಾಯಿಪಾಠ ಮಾಡಿದ ಮಗುವಿಗೆ ಈ ಆಟ ಆಡಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವ ದಾರಿ ಮಾತ್ರ.

ಕಥೆಯಲ್ಲದ ಪಾಠಕ್ಕೆ ಈ ಏಣಿ ಒಗ್ಗುವುದಿಲ್ಲ. ಗುತ್ತೂರಿನ ಮಕ್ಕಳು ದಿನಾ ನೋಡುವ 400 ಕಿಲೋವೋಲ್ಟಿನ ವಿದ್ಯುತ್ ಸ್ಟೇಷನ್ನನ್ನೇ ತೆಗೆದುಕೊಳ್ಳಿ. ಕೈಗಾದಲ್ಲಿ ಹುಟ್ಟಿದ ಕರೆಂಟು ದೊಡ್ಡ ಗೋಪುರಗಳ ಮೇಲೆ ಇಲ್ಲಿಗೆ ಹೇಗೆ ಬರುತ್ತದೆ, ಮನೆಯ ಬಲ್ಬಿಗೆ ಹಾಗೇ ಯಾಕೆ ಕೊಡುವುದಿಲ್ಲ ಎಂದು ವಿವರಿಸುವ ಪಾಠದಲ್ಲಿ ಯಾರಿಗೂ ಏನೂ ಬೇಕಾಗಿರುವುದಿಲ್ಲ. ಅಲ್ಲಿ ‘ಎಲ್ಲಿಂದ, ಎಲ್ಲಿಗೆ, ಯಾಕೆ’ ಎಂಬ ಮೂರು ಪ್ರಶ್ನೆ ಸಾಕು. ಆರನೇ ತರಗತಿಯ ಮೇಲೆ ವಿಜ್ಞಾನ, ಸಮಾಜ ಪಾಠಗಳಲ್ಲಿ ಇದೂ ನಡೆಯಬೇಕು.

ಅಮೆರಿಕದ ಆನ್ ಬ್ರೌನ್ ಮತ್ತು ಜೀನ್ ಡೇ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಸಾರಾಂಶ ಮಾಡುವವರು ಏನೇನು ಮಾಡುತ್ತಾರೆ ಎಂದು ಅವರು ಬಿಡಿಸಿ ನೋಡಿದರು. ಮುಖ್ಯವಲ್ಲದ್ದನ್ನು ಬಿಡುವುದು, ಎರಡೆರಡು ಸಲ ಬಂದದ್ದನ್ನು ಬಿಡುವುದು, ಬಿಡಿ ಬಿಡಿಯಾದದ್ದಕ್ಕೆ ಒಂದು ಒಟ್ಟು ಹೆಸರು ಕೊಡುವುದು, ಮುಖ್ಯ ವಾಕ್ಯವನ್ನು ಆರಿಸುವುದು, ಅಂಥ ವಾಕ್ಯ ಇಲ್ಲದಿದ್ದರೆ ತಾವೇ ಕಟ್ಟುವುದು. ಬಿಡುವ ಕೆಲಸ ಐದನೇ ತರಗತಿಯವರಿಗೂ ಚೆನ್ನಾಗಿ ಬಂತು. ಇಲ್ಲದ ವಾಕ್ಯವನ್ನು ಕಟ್ಟುವುದು ಕಾಲೇಜಿನವರಿಗೂ ಸುಲಭವಾಗಿರಲಿಲ್ಲ. ಚಿಕ್ಕವರ ಒಂದು ಅಭ್ಯಾಸವನ್ನೂ ಅವರು ಗುರುತಿಸಿದರು: ಪಠ್ಯದ ವಾಕ್ಯಗಳನ್ನು ಬಂದ ಕ್ರಮದಲ್ಲೇ ನಕಲು ಮಾಡುತ್ತಾ ನಡುನಡುವೆ ಒಂದಿಷ್ಟು ಬಿಡುತ್ತಾ ಹೋಗುವುದು. ನಮ್ಮ ಮಕ್ಕಳ ನೋಟ್ ಪುಸ್ತಕ ತೆರೆದವರಿಗೆ ಇದು ಚೆನ್ನಾಗಿ ಗೊತ್ತು. ಇದಕ್ಕೆ ಮದ್ದೂ ಸರಳವಾಗಿಯೇ ಇದೆ. ಸಾರಾಂಶ ಹೇಳುವ ಮುಂಚೆ ಪುಸ್ತಕ ಮುಚ್ಚಿಸಬೇಕು. ಪುಸ್ತಕ ತೆರೆದಿದ್ದರೆ ಕಣ್ಣು ನಕಲು ಮಾಡುತ್ತದೆ; ಮುಚ್ಚಿದರೆ ಮಗು ತನ್ನ ಮಾತನ್ನು ಹುಡುಕಿಕೊಳ್ಳಲೇಬೇಕು.

ನೀತಿ ಹೇಳಿ ಪಾರಾಗುವುದು

ನಮ್ಮಲ್ಲಿ ಇನ್ನೊಂದು ಹಳೆಯ ರೂಢಿಯಿದೆ. ಕಥೆ ಮುಗಿದ ಕೂಡಲೇ ‘ಈ ಕಥೆಯ ನೀತಿ ಏನು?’ ಎಂದು ಕೇಳುವುದು. ಮಕ್ಕಳು ಅದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಕಥೆ ಏನು ಎಂದು ಕೇಳಿದರೂ ನೀತಿಯನ್ನೇ ಹೇಳುತ್ತಾರೆ. ಪುಣ್ಯಕೋಟಿ ಎಂದರೆ ಸತ್ಯ ಹೇಳಬೇಕು. ಮೊಲ ಆಮೆ ಎಂದರೆ ಜಂಬ ಪಡಬಾರದು. ನೀತಿ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಕಥೆಯನ್ನು ಓದದೆಯೂ ನೀತಿ ಹೇಳಲು ಬರುತ್ತದೆ. ನಾಲ್ಕು ನೀತಿ ಗೊತ್ತಿದ್ದರೆ ನೂರು ಕಥೆಗೆ ಹಂಚಬಹುದು. ಸಾರಾಂಶ ಹಾಗಲ್ಲ. ಪುಣ್ಯಕೋಟಿಯ ಸಾರಾಂಶ ಪುಣ್ಯಕೋಟಿಗೇ ಆಗಬೇಕು, ಇನ್ನೊಂದು ಕಥೆಗೆ ಹೊಂದಬಾರದು. ಮೊದಲು ಏನಾಯಿತು ಎಂದು ಹೇಳಿಸಿ, ಯಾಕಾಯಿತು ಎಂದು ಕೇಳಿ. ನೀತಿಯ ಮಾತು ಅದಾದ ಮೇಲೆ ಬಂದರೆ ಅದಕ್ಕೂ ಒಂದು ತೂಕ ಬರುತ್ತದೆ. ವಿಕ್ರಮನ ಹೆಗಲೇರಿದ ಬೇತಾಳ ಯಾವತ್ತೂ ನೀತಿ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಇವರಲ್ಲಿ ಯಾರು ಸರಿ, ಯಾಕೆ ಸರಿ ಎಂದೇ ಅದು ಕೇಳಿದ್ದು. ಕಥೆಯನ್ನು ಪೂರ್ತಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳದವನಿಗೆ ಆ ಪ್ರಶ್ನೆಗೆ ಉತ್ತರವಿಲ್ಲ.

ಕಥೆಯ ಸಾರವನ್ನು ಹಿಡಿದು ಹೇಳುವ ವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಗದುಗಿನ ಭಾರತದಲ್ಲಿ ಕುಮಾರವ್ಯಾಸ ಪ್ರತಿ ಸಂಧಿಯ ತಲೆಯಲ್ಲಿ ಒಂದು ‘ಸೂಚನೆ’ ಇಟ್ಟಿದ್ದಾನೆ. ಬರೀ ಮೂರು ಸಾಲು, ಅರ್ಧ ಷಟ್ಪದಿ. ಮುಂದೆ ಹತ್ತಾರು ಪದ್ಯಗಳಲ್ಲಿ ಹರಡಿಕೊಳ್ಳುವ ಸಂಧಿಯ ಮುಖ್ಯ ಸಂಗತಿ ಆ ಮೂರು ಸಾಲಿನಲ್ಲಿ ಬಂದಿರುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಸೂಚನೆಯಿದೆ. ಹತ್ತು ಪರ್ವಗಳ ಉದ್ದಕ್ಕೂ ಸಂಧಿಗೊಂದರಂತೆ ಹೀಗೆ ಬರೆದ ಕುಮಾರವ್ಯಾಸನಿಗೆ ಯಾವುದು ಕಾಳು, ಯಾವುದು ಹೊಟ್ಟು ಎಂದು ಎಷ್ಟು ಖಚಿತವಾಗಿ ಗೊತ್ತಿರಬೇಕು! ಪಾಠಕ್ಕೆ ಮುಂಚೆ ಆಶಯಭಾವ ಬೇಡ ಎಂದಿರಿ, ಕುಮಾರವ್ಯಾಸ ಮೊದಲೇ ಹೇಳಿದ್ದಾನಲ್ಲ ಎಂದು ಯಾರಾದರೂ ಕೇಳಬಹುದು. ಅವನ ಮುಂದೆ ಕೂತವರಿಗೆ ಭಾರತದ ಕಥೆ ಆಗಲೇ ಗೊತ್ತಿತ್ತು. ಅವರು ಬಂದಿದ್ದು ಹೇಗೆ ಹೇಳುತ್ತಾನೆ ಎಂದು ಕೇಳಲು.

ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಇದರಲ್ಲಿ ಒಂದು ಸೊಗಸಾದ ಪಾಠ ಸಿದ್ಧವಾಗಿದೆ. ಒಂದು ಸಂಧಿಯ ಕಥೆಯನ್ನು ಸೂಚನೆ ಮುಚ್ಚಿಟ್ಟು ಹೇಳಿ. ಮಕ್ಕಳಿಂದ ಮೂರು ಸಾಲಿನ ಸೂಚನೆ ಬರೆಸಿ, ಛಂದಸ್ಸು ಬೇಡ, ಗದ್ಯ ಸಾಕು. ಆಮೇಲೆ ಕವಿಯದನ್ನು ಓದಿ. ಅವನು ಏನು ಇಟ್ಟುಕೊಂಡ, ನಾವು ಏನು ಇಟ್ಟುಕೊಂಡೆವು? ಮಕ್ಕಳದು ಬೇರೆಯಾಗಿದ್ದರೆ ಅದಕ್ಕೆ ಅವರ ಬಳಿ ಕಾರಣವಿದೆಯೇ? ಕಾರಣವಿದ್ದರೆ ಒಪ್ಪಿಕೊಳ್ಳಿ.

ಗಮಕದಲ್ಲಿ ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡುವುದೂ ಈ ಬಳಗದ್ದೇ. ನಮ್ಮ ಕಡೆ ಶ್ರಾವಣದಲ್ಲಿ ಗುಡಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ದಿನದ ಪುರಾಣ ಶುರುವಾಗುವ ಮೊದಲು ನಿನ್ನೆ ಕಥೆ ಎಲ್ಲಿಗೆ ಬಂದು ನಿಂತಿತ್ತು ಎಂದು ನಾಲ್ಕು ಮಾತು ಹೇಳುವುದುಂಟು. ನಿನ್ನೆ ಬಾರದವರಿಗೂ ಕಥೆ ಸಿಗಲಿ ಎಂದು. ಓದು ಬರಹ ಕಲಿಯದ ಹಿರಿಯರು ಇಂಥ ಕಡೆ ಕೂತು ಕೂತೇ ದೊಡ್ಡ ದೊಡ್ಡ ಕಥೆಗಳನ್ನು ದಕ್ಕಿಸಿಕೊಂಡರು, ಮನೆಗೆ ಹೋಗಿ ಮೊಮ್ಮಕ್ಕಳಿಗೆ ಚಿಕ್ಕದು ಮಾಡಿ ಹೇಳಿದರು.

ತಪ್ಪು ಹೇಳಿದಾಗ ಕಿವಿಗೊಡಬೇಕು

ಮಗು ಕಥೆಯನ್ನು ತಪ್ಪಾಗಿ ಹೇಳಿದಾಗ ಕೂಡಲೇ ತಿದ್ದಬಾರದು. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ನಂತರ ನೆನಪಿನಿಂದ ಹೇಳಿಸಿದರು. ಅವರ 1932ರ ಪುಸ್ತಕದಲ್ಲಿ ಇದರ ವಿವರ ಇದೆ. ಓದಿದವರಿಗೆ ಗೊತ್ತಿಲ್ಲದ್ದೆಲ್ಲ ಗೊತ್ತಿರುವುದಾಗಿ ಬದಲಾಗಿತ್ತು. ಮರ ಕೊರೆದ ದೋಣಿ ಮಾಮೂಲು ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ದೊಡ್ಡವರ ಕಥೆಯೇ ಹೀಗೆ. ಹೊಳೆದಂಡೆಯಲ್ಲಿ ಬೆಳೆದು ಸಮುದ್ರ ನೋಡದ ಮಗು, ಪಾಠದಲ್ಲಿ ಉಬ್ಬರ ಬಂದು ದಡ ಮುಚ್ಚಿತು ಎಂದು ಓದಿ ‘ಹೊಳೆ ಬಂತು’ ಎಂದು ಹೇಳಿದರೆ ಅದು ದಡ್ಡತನವಲ್ಲ. ಮಳೆಗಾಲದಲ್ಲಿ ತುಂಗಭದ್ರೆ ಏರುವುದು ಅದಕ್ಕೆ ಗೊತ್ತಿರುವ ಸಂಗತಿ. ಎಲ್ಲಿ ವಿವರಿಸಬೇಕಿತ್ತು, ಎಲ್ಲಿ ಚಿತ್ರ ತೋರಿಸಬೇಕಿತ್ತು ಎಂದು ಆ ತಪ್ಪು ಮೇಷ್ಟ್ರಿಗೆ ಹೇಳುತ್ತಿದೆ.

ಮನೆಮಾತಿನ ಪ್ರಶ್ನೆಯೂ ಇದೆ. ದಾವಣಗೆರೆ, ಹರಿಹರದ ತರಗತಿಗಳಲ್ಲಿ ಮನೆಯಲ್ಲಿ ಉರ್ದು ಆಡುವ, ಲಂಬಾಣಿ ಆಡುವ, ತೆಲುಗು ಆಡುವ ಮಕ್ಕಳು ಜೊತೆಯಾಗಿ ಕೂರುತ್ತಾರೆ. ಕನ್ನಡದ ಕಥೆ ಓದಿ ಕನ್ನಡದಲ್ಲೇ ಹೇಳಬೇಕು ಎಂದು ಮೊದಲ ದಿನದಿಂದ ಹಟ ಹಿಡಿದರೆ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗುವಿಗೆ ಅರ್ಥವಾಗಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ತನ್ನ ಮಾತಿನಲ್ಲಿ ಹೇಳು ಎಂದು ಬಿಟ್ಟರೆ ಅದೇ ಮಗು ಕೈ ಕಣ್ಣು ಆಡಿಸಿ ಇಡೀ ಕಥೆ ಹೇಳುತ್ತದೆ. ಮೇಷ್ಟ್ರಿಗೆ ಆ ಭಾಷೆ ಬರದಿದ್ದರೆ ಅದೇ ಮನೆಮಾತಿನ ಇನ್ನೊಂದು ಮಗು ಕನ್ನಡಕ್ಕೆ ತರಲಿ. ಇಬ್ಬರಿಗೂ ಅದು ಪಾಠ. ಕನ್ನಡದಲ್ಲಿ ಹೇಳುವ ಧೈರ್ಯ ಅದರ ಹಿಂದೆಯೇ ಬರುತ್ತದೆ.

ಓದಲು ಬರುತ್ತಿದ್ದು ಅರ್ಥ ಹತ್ತದ ಏಳನೇ ತರಗತಿಯ ಮಕ್ಕಳ ಜೊತೆ ಅಮೆರಿಕದ ಅನ್ನಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಮಾಡಿದ ಕೆಲಸ 1984ರಲ್ಲಿ ಪ್ರಕಟವಾಯಿತು. ಮಕ್ಕಳು ಸರದಿಯ ಮೇಲೆ ಮೇಷ್ಟ್ರಾಗುತ್ತಿದ್ದರು. ಒಂದು ಭಾಗ ಓದಿದ ಮೇಲೆ ಸರದಿಯವರು ಅದರ ಸಾರ ಹೇಳಬೇಕು, ಒಂದು ಪ್ರಶ್ನೆ ಕೇಳಬೇಕು, ತಿಳಿಯದ್ದನ್ನು ಬಿಡಿಸಬೇಕು, ಮುಂದೇನಾಗಬಹುದು ಎಂದು ಊಹಿಸಬೇಕು. ಕೆಲವೇ ವಾರಗಳಲ್ಲಿ ಆ ಮಕ್ಕಳ ಓದು ಎದ್ದು ಕಾಣುವಂತೆ ಸುಧಾರಿಸಿತು. ಅಲ್ಲಿ ಕೆಲಸ ಮಾಡಿದ್ದು ಮಾತು, ಅದೂ ಸರದಿಯ ಮಾತು. ನಾಲ್ಕೈದು ಮಕ್ಕಳ ಗುಂಪು ಮಾಡಿ ಕೂರಿಸುವುದು ನಲಿ-ಕಲಿ ನೋಡಿದ ನಮ್ಮ ಶಿಕ್ಷಕರಿಗೆ ಅಭ್ಯಾಸವಾಗಿರುವ ಸಂಗತಿ. ತಿಂಗಳಿಗೊಮ್ಮೆ ಬ್ಯಾಗಿಲ್ಲದ ಸಂಭ್ರಮ ಶನಿವಾರವೂ ಈಗ ಇದೆ. ಪುಸ್ತಕವಿಲ್ಲದ ಆ ದಿನ ಕಥೆ ಹೇಳಿಸುವುದಕ್ಕೆ ಹೇಳಿಮಾಡಿಸಿದಂತಿದೆ.

ಮನೆಯಲ್ಲಿ ಓದು ಬರದ ತಾಯಿ ತಂದೆಯೂ ಇದನ್ನು ಮಾಡಬಹುದು ಎಂಬುದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬಂದ ತಾಯಿಗೆ ಮಗಳ ಹೋಂವರ್ಕ್ ತಿದ್ದಲು ಬರುವುದಿಲ್ಲ. ‘ಇವತ್ತು ಯಾವ ಕಥೆ ಓದಿದ್ಯವ್ವಾ? ನಂಗೂ ಹೇಳು’ ಎನ್ನಲು ಬರುತ್ತದೆ. ‘ಅವ್ನು ಯಾಕೆ ಹಂಗೆ ಮಾಡ್ದ?’ ಎಂದು ಕೇಳಲು ಬರುತ್ತದೆ. ನಿಜವಾಗಿಯೂ ಕಥೆ ಗೊತ್ತಿಲ್ಲದವರಿಗೆ ಹೇಳುವಾಗಲೇ ಮಗು ಚೆನ್ನಾಗಿ ಹೇಳುವುದು. ತರಗತಿಯಲ್ಲಿ ಮೇಷ್ಟ್ರಿಗೆ ಆಗಲೇ ಗೊತ್ತಿರುವ ಕಥೆಯನ್ನು ಮೇಷ್ಟ್ರಿಗೇ ಹೇಳುವಾಗ ಮಗು ಅರ್ಧ ನುಂಗಿಬಿಡುತ್ತದೆ. ಹೇಗೂ ಅವರಿಗೆ ಗೊತ್ತಲ್ಲ.

ಇದೇ ಕಾರಣಕ್ಕೆ ಶಾಲೆಯಲ್ಲಿ ದಿನಾ ಸಿಗುವ ಒಬ್ಬ ಕೇಳುಗನಿದ್ದಾನೆ, ಅವನನ್ನು ಬಳಸಿಕೊಳ್ಳಬೇಕು: ನಿನ್ನೆ ಗೈರಾದವನು. ಭತ್ತದ ಕೊಯ್ಲಿನ ದಿನಗಳಲ್ಲಿ, ಊರ ಜಾತ್ರೆಯಲ್ಲಿ, ಜ್ವರ ಬಂದಾಗ ಪ್ರತಿ ತರಗತಿಯಲ್ಲೂ ನಾಲ್ಕೈದು ಮಕ್ಕಳು ಬಂದಿರುವುದಿಲ್ಲ. ಹಾಜರಿ ಕರೆದ ಮೇಲೆ, ಅವರ ಪಕ್ಕದಲ್ಲಿ ಕೂರುವವರು ಪುಸ್ತಕ ಮುಚ್ಚಿ ಎರಡು ನಿಮಿಷದಲ್ಲಿ ನಿನ್ನೆಯ ಪಾಠದ ಕಥೆ ಹೇಳಲಿ. ಬರೆಯಬಲ್ಲ ತರಗತಿಯಾದರೆ ಅಂಚೆ ಕಾರ್ಡಿನಷ್ಟು ಜಾಗದಲ್ಲಿ ಬರೆದು ಕೊಡಲಿ. ಪದ ಎಣಿಸುವುದು ಬೇಡ, ಕನ್ನಡದಲ್ಲಿ ಒಂದೇ ಪದ ಎಷ್ಟು ಬೇಕಾದರೂ ಉದ್ದವಾಗುತ್ತದೆ, ಜಾಗದ ಮಿತಿ ಸಾಕು. ಆಮೇಲೆ ಮೇಷ್ಟ್ರು ಪ್ರಶ್ನೆ ಕೇಳಬೇಕಾದದ್ದು ಹೇಳಿದವನಿಗಲ್ಲ, ಕೇಳಿದವನಿಗೆ. ಎರಡೇ ಪ್ರಶ್ನೆ, ಒಂದು ‘ಏನಾಯಿತು’, ಒಂದು ‘ಯಾಕಾಯಿತು’. ನಿನ್ನೆ ಶಾಲೆಗೇ ಬಾರದವನು ಎರಡಕ್ಕೂ ಉತ್ತರ ಕೊಟ್ಟರೆ ಪಕ್ಕದವನ ಸಾರಾಂಶಕ್ಕೆ ಪೂರ್ತಿ ಅಂಕ. ಎರಡನೆಯದಕ್ಕೆ ತಡವರಿಸಿದರೆ ಇಬ್ಬರೂ ಸೇರಿ ಪುಸ್ತಕ ತೆರೆದು ಆ ಪುಟವನ್ನು ಇನ್ನೊಮ್ಮೆ ಓದಲಿ.